ಕಾಫಿ ದುಡ್ಡು ಬರೋದು ಮಾರ್ಚ್‌ನಲ್ಲಿ, ಎಸ್‌ಐಪಿ ಬೌನ್ಸ್ ಆಗೋದು ಆಗಸ್ಟ್‌ನಲ್ಲಿ. ಏನು ಮಾಡಲಿ?

ಗೋಣಿಬೀಡು ತೋಟ ಬರೆದದ್ದು, 2026ರ ಮಾರ್ಚ್ 24:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಗೋಣಿಬೀಡು ಹತ್ತಿರ. ಐದು ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ನನಗೆ 43, ಹೆಂಡತಿಗೆ 38. ಒಬ್ಬಳೇ ಮಗಳು, ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾಳೆ. ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಇರೋದು ತೋಟ ಒಂದೇ.

ಹೋದ ವರ್ಷ ಮೆಣಸು ಕೊಯ್ಯುವಾಗ ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಅವರಿಗೆ 71 ವರ್ಷ. ಆಳು ಸಿಗಲಿಲ್ಲ ಅಂತ ಅವರೇ ಹತ್ತಿದ್ದರು. ಈಗ ಕೋಲು ಹಿಡಿದು ಕಣದವರೆಗೆ ಬರುತ್ತಾರೆ, ಅಷ್ಟೆ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ನನಗೆ 71 ಆದಾಗ ನಾನು ಏಣಿ ಹತ್ತಲೇಬೇಕು ಅನ್ನೋ ಸ್ಥಿತಿ ಇರಬಾರದು.

ಸುಮ್ನೆ ಕೂತಿದ್ದೆ ಅಂತಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಖಾತೆ ಇರುವ ಬ್ಯಾಂಕಿನ ಹುಡುಗನೊಬ್ಬ ತಿಂಗಳಿಗೆ 5,000ದ ಎಸ್‌ಐಪಿ ಮಾಡಿಸಿದ, ಅಂದರೆ ಖಾತೆಯಿಂದ ಮ್ಯೂಚುವಲ್ ಫಂಡಿಗೆ ತಾನಾಗೇ ಹೋಗುವ ಕಂತು. ತೆರಿಗೆ ಉಳಿಯುತ್ತದೆ, ಒಳ್ಳೆ ಫಂಡು ಅಂದ. ಆರು ಕಂತು ಸರಿಯಾಗಿ ಹೋಯಿತು. ಆಮೇಲೆ ಮಳೆಗಾಲ. ಖಾತೆಯಲ್ಲಿ ದುಡ್ಡಿಲ್ಲ. ಆಗಸ್ಟ್ ಬೌನ್ಸ್, ಸೆಪ್ಟೆಂಬರ್ ಬೌನ್ಸ್, ಅಕ್ಟೋಬರ್ ಬೌನ್ಸ್. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ 295, 295, 295 ಅಂತ ಮೂರು ಸಾಲು. ಎಸ್‌ಐಪಿ ರದ್ದಾಗಿದೆ ಅಂತ ಮೆಸೇಜ್ ಬಂತು. 2024ರ ಮಾರ್ಚ್‌ನಲ್ಲಿ ಕಾಫಿ ಕೊಟ್ಟ ಮೇಲೆ ಮತ್ತೆ ಅದೇ ಫಂಡಿಗೆ ಶುರು ಮಾಡಿದೆ. ಐದು ಕಂತು ಹೋಯಿತು. ಮತ್ತೆ ಆಗಸ್ಟ್, ಮತ್ತೆ ಮೂರು ಬೌನ್ಸ್. ಹೋದ ವರ್ಷ ಬೇಜಾರಾಗಿ ಮಾಡಲೇ ಇಲ್ಲ.

ಇನ್ನೂ ಒಂದು ವಿಷಯ ಹೇಳಲೇಬೇಕು. ಹೋದ ಆಗಸ್ಟ್‌ನಲ್ಲಿ ಹೆಂಡತಿಯ ಸರ ಅಡ ಇಟ್ಟು ಒಂದು ಲಕ್ಷ ತಂದೆ. ಈ ತಿಂಗಳು ಬಿಡಿಸಿಕೊಂಡೆ. ಬಡ್ಡಿ, ಚಾರ್ಜು ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಪ್ರತಿ ವರ್ಷ ಹೀಗೇ. ಮಾರ್ಚ್‌ನಲ್ಲಿ ಖಾತೆ ತುಂಬಿರುತ್ತದೆ. ಪಂಪ್ ರಿಪೇರಿ, ಮದುವೆ, ಯಾರೋ ನೆಂಟರು ಕೈಸಾಲ ಕೇಳೋದು ಎಲ್ಲ ಆ ಎರಡು ತಿಂಗಳಲ್ಲೇ ಬರುತ್ತದೆ. ಇದೆಯಲ್ಲ ಅಂತ ಕೊಡುತ್ತೇವೆ.

ಈ ಸಲ ಸೊಸೈಟಿ ಸಾಲ ಕಟ್ಟಿ ಕೈಯಲ್ಲಿ 6,80,000 ಉಳಿದಿದೆ. ಮನೆ ಖರ್ಚಿಗೆ ತಿಂಗಳಿಗೆ 22,000 ಬೇಕು. ಗೊಬ್ಬರ, ಕಳೆ, ಕಪಾತು ಅಂತ ಮುಂದಿನ ಕೊಯ್ಲಿನವರೆಗೆ ತೋಟಕ್ಕೆ 1,60,000. ಕೊಯ್ಲಿನ ಕೂಲಿಗೆ ಸೊಸೈಟಿ ಸಾಲ ಇದ್ದೇ ಇರುತ್ತದೆ. ಮಗಳ ಫೀಸು, ಹಾಸ್ಟೆಲ್ 90,000. ಇಷ್ಟೆಲ್ಲ ಕಳೆದರೆ 1,66,000 ಉಳಿಯಬೇಕು. ಇದನ್ನು ನಮ್ಮ ವಯಸ್ಸಾದ ಕಾಲಕ್ಕೆ ಇಡಬೇಕು ಅಂತ ಆಸೆ.

ಮ್ಯೂಚುವಲ್ ಫಂಡಾ, ಎನ್‌ಪಿಎಸ್ ಅನ್ನೋ ಪಿಂಚಣಿ ಯೋಜನೆಯಾ, ಪೋಸ್ಟ್ ಆಫೀಸಾ? ಎಲ್ಲಿ ನೋಡಿದರೂ ತಿಂಗಳ ಸಂಬಳದವರಿಗೆ ಬರೆದದ್ದೇ ಸಿಗುತ್ತದೆ. ವರ್ಷಕ್ಕೊಂದು ಸಲ ದುಡ್ಡು ನೋಡುವ ನಮ್ಮಂಥವರು ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಹಾಸನ ಸಂತೆಪೇಟೆ ಬರೆದದ್ದು:

ಮೊದಲೇ ಹೇಳಿಬಿಡುತ್ತೇನೆ ಸರ್, ನಾನು ಹಾಸನದಲ್ಲಿ ಫಂಡ್ ವಿತರಕ. ಜನ ನನ್ನ ಮೂಲಕ ಹಾಕಿದರೆ ನನಗೆ ಕಮಿಷನ್ ಬರುತ್ತದೆ. ಅದು ತಿಳಿದುಕೊಂಡೇ ಇದನ್ನು ಓದಿ.

ಎಸ್‌ಐಪಿ ಅಂದರೆ ಬೇರೆ ಫಂಡಲ್ಲ. ಕಂತು ಕಟ್ಟುವ ಒಂದು ಕ್ರಮ, ಅಷ್ಟೆ. ತಿಂಗಳ ಎಸ್‌ಐಪಿ ಸತತ ಮೂರು ಸಲ ತಪ್ಪಿದರೆ ಫಂಡ್ ಕಂಪನಿ ಅದನ್ನು ನಿಲ್ಲಿಸುತ್ತದೆ. ಆದರೆ ಆಗಲೇ ಕೊಂಡ ಯೂನಿಟ್‌ಗಳು, ಅಂದರೆ ಫಂಡಿನಲ್ಲಿ ನಿಮ್ಮ ಪಾಲು, ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಹೆಸರಲ್ಲೇ ಇರುತ್ತವೆ. ಆ 295 ಫಂಡ್ ಕಂಪನಿ ಹಾಕಿದ ದಂಡ ಅಲ್ಲ, ಬ್ಯಾಂಕಿನದು. ದುಡ್ಡಿಲ್ಲದ ಖಾತೆಗೆ ಕಂತಿನ ಆದೇಶ ಬಂದು ವಾಪಸ್ ಹೋಗಿದ್ದಕ್ಕೆ.

ನಿಮಗೆ ಹೊಂದುವುದು ಲಿಕ್ವಿಡ್ ಫಂಡ್. ಅದು ಖಜಾನೆ ಬಿಲ್ಲು, ಬ್ಯಾಂಕ್ ಸರ್ಟಿಫಿಕೇಟ್ ಥರದ, 91 ದಿನದೊಳಗೆ ವಾಪಸ್ ಬರುವ ಸಾಲಪತ್ರಗಳಲ್ಲಿ ದುಡ್ಡು ಇಡುತ್ತದೆ. ಗ್ಯಾರಂಟಿ ಇಲ್ಲ, ಆದರೆ ಷೇರು ಫಂಡಿನ ಥರ ಕುಣಿಯುವುದಿಲ್ಲ. ಮೊದಲ ಆರು ದಿನದಲ್ಲಿ ತೆಗೆದರೆ ಪುಡಿಗಾಸು ಕಡಿತ ಇದೆ, ಏಳನೇ ದಿನದಿಂದ ಅದೂ ಇಲ್ಲ. ಇವತ್ತು ಸಮಯದೊಳಗೆ ಕೇಳಿದರೆ ಮುಂದಿನ ಕೆಲಸದ ದಿನ ಖಾತೆಗೆ ಬರುತ್ತದೆ.

ಮಾರ್ಚ್‌ನಲ್ಲಿ 60,000 ಲಿಕ್ವಿಡ್‌ಗೆ ಹಾಕಿ. ಅಲ್ಲಿಂದ ಪ್ರತಿ ತಿಂಗಳು 5,000 ಅದೇ ಕಂಪನಿಯ ಷೇರು ಫಂಡಿಗೆ ಹೋಗುವ ಹಾಗೆ ಬರೆದುಕೊಡಿ. ಇದಕ್ಕೆ ಎಸ್‌ಟಿಪಿ ಅನ್ನುತ್ತಾರೆ. ದುಡ್ಡು ಆಗಲೇ ಅಲ್ಲಿರುವುದರಿಂದ ಬೌನ್ಸ್ ಆಗುವ ಮಾತೇ ಇಲ್ಲ. ಬ್ಯಾಂಕಿಗೂ ಇದಕ್ಕೂ ಸಂಬಂಧ ಇಲ್ಲ.

ಇದಕ್ಕಿಂತ ಮುಖ್ಯ ಮನೆ ಖರ್ಚು. ಅದನ್ನೂ ಲಿಕ್ವಿಡ್‌ನಲ್ಲೇ ಇಟ್ಟು ತಿಂಗಳಿಗೆ 22,000 ನಿಮ್ಮ ಎಸ್‌ಬಿ ಖಾತೆಗೆ ಬರುವ ಹಾಗೆ ಮಾಡಿಕೊಳ್ಳಿ. ಅದು ಎಸ್‌ಡಬ್ಲ್ಯುಪಿ. ಆಗ ನಿಮಗೂ ತಿಂಗಳ ಸಂಬಳ ಬಂದಹಾಗೇ ಆಗುತ್ತದೆ. ದೊಡ್ಡ ಬ್ಯಾಂಕುಗಳಲ್ಲಿ ಎಸ್‌ಬಿ ಬಡ್ಡಿ ಈಗ ಶೇ 2.5. ಅಲ್ಲಿ ಆರು ಲಕ್ಷ ಇಟ್ಟುಕೊಂಡು ಕೂರುವುದರಲ್ಲಿ ಅರ್ಥ ಇಲ್ಲ. ಬಡ್ಡಿಗಿಂತ ದೊಡ್ಡ ಲಾಭ ಬೇರೆ ಇದೆ. ಕಣ್ಣಿಗೆ ಕಾಣದ ದುಡ್ಡನ್ನು ನೆಂಟರೂ ಕೇಳುವುದಿಲ್ಲ, ನೀವೂ ಕೊಡುವುದಿಲ್ಲ.

ಆಲೂರು ಹುಡುಗ ಬರೆದದ್ದು:

ಅಣ್ಣ, ನಮ್ಮದೂ ಆಲೂರು ಕಡೆ, ಈಗ ಕೆಲಸಕ್ಕೆ ಬೆಂಗಳೂರಲ್ಲಿದ್ದೇನೆ. ಮೇಲಿನವರು ಹೇಳಿದ ಕ್ರಮ ಸರಿ ಇದೆ. ಒಂದು ಸೇರಿಸುತ್ತೇನೆ. ಹಾಕುವಾಗ ಡೈರೆಕ್ಟ್ ಪ್ಲಾನ್ ನೋಡಿ ಹಾಕಿ. 2013ರ ಜನವರಿಯಿಂದ ಪ್ರತಿ ಫಂಡಿಗೂ ಡೈರೆಕ್ಟ್ ಅಂತ ಒಂದು ಪ್ಲಾನ್ ಇದೆ. ಫಂಡು ಅದೇ, ಕಮಿಷನ್ ಇಲ್ಲ ಅಷ್ಟೆ. ನಿಮ್ಮ ಬ್ಯಾಂಕಿನ ಹುಡುಗ ಮಾಡಿಸಿದ್ದು ಖಂಡಿತ ರೆಗ್ಯುಲರ್, ಅಂದರೆ ಕಮಿಷನ್ ಇರುವ ಪ್ಲಾನ್.

ಲೆಕ್ಕ ನೋಡಿ. ವರ್ಷಕ್ಕೆ 60,000ದಂತೆ 17 ವರ್ಷ, ನಿಮಗೆ 60 ಆಗುವವರೆಗೆ. ಹಾಕುವುದು 10,20,000. ವರ್ಷಕ್ಕೆ ಶೇ 10ರಂತೆ ಬೆಳೆದರೆ ಸುಮಾರು 24.3 ಲಕ್ಷ. ಶೇ 11ರಂತೆ ಆದರೆ ಸುಮಾರು 26.7 ಲಕ್ಷ. ಇಷ್ಟು ಬೆಳೆದೇ ಬೆಳೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಒಂದೇ ಒಂದು ಪರ್ಸೆಂಟ್ ಖರ್ಚು ಉಳಿದರೆ 2.4 ಲಕ್ಷ ವ್ಯತ್ಯಾಸ ಅಂತ ತೋರಿಸಲು ಹೇಳಿದೆ.

ಹಳೆಯದನ್ನು ಈಗಲೇ ಡೈರೆಕ್ಟ್‌ಗೆ ಬದಲಾಯಿಸಲು ಹೋಗಬೇಡಿ. ಬದಲಾಯಿಸುವುದು ಅಂದರೆ ಮಾರಿ ಕೊಂಡ ಹಾಗೇ ಲೆಕ್ಕ. ನಿಮ್ಮದು ತೆರಿಗೆ ಉಳಿಸುವ ಫಂಡು, ಅಂದರೆ ಇಎಲ್‌ಎಸ್‌ಎಸ್. ಪ್ರತಿ ಕಂತಿಗೂ ಅದರದೇ ಮೂರು ವರ್ಷದ ಬೀಗ. 2023ರ ಫೆಬ್ರವರಿ, ಮಾರ್ಚ್ ಕಂತು ಈಗ ಬಿಡುಗಡೆ ಆಗಿವೆ. 2024ರ ಜುಲೈ ಕಂತು ಬಿಡುಗಡೆ ಆಗುವುದು 2027ರ ಜುಲೈಗೆ.

ಹಾಸನ ಸಂತೆಪೇಟೆ ಬರೆದದ್ದು:

ಆಲೂರಿನವರ ಲೆಕ್ಕ ತಪ್ಪಿಲ್ಲ, ಒಪ್ಪುತ್ತೇನೆ. ಇನ್ನೊಂದು ಕಡೆಯನ್ನೂ ಹೇಳುತ್ತೇನೆ. 2020ರ ಜನವರಿಯಲ್ಲಿ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) 12,362 ಮುಟ್ಟಿತ್ತು. ಮಾರ್ಚ್ 23ಕ್ಕೆ 7,610. ಆ ವಾರ ನನ್ನ ಐದು ಜನ ಗ್ರಾಹಕರು ಎಲ್ಲ ಮಾರಿ ಅಂತ ಫೋನ್ ಮಾಡಿದರು. ಮೂವರಿಗೆ ಹೇಳಿ ಹೇಳಿ ನಿಲ್ಲಿಸಿದೆ. ಇಬ್ಬರು ಕೇಳಲಿಲ್ಲ, ಮಾರಿದರು. ಆ ವರ್ಷ ಮುಗಿಯುವುದರೊಳಗೆ ಮಾರುಕಟ್ಟೆ ಹಳೆಯ ಎತ್ತರ ದಾಟಿತು. ಆ ಇಬ್ಬರ ನೆನಪು ಈಗಲೂ ನನಗೆ ನೋವು. ಬಿದ್ದಾಗ ಒಬ್ಬರೇ ಗಟ್ಟಿಯಾಗಿ ಕೂರುತ್ತೇನೆ ಅನ್ನುವ ಧೈರ್ಯ ಇದ್ದವರು ಡೈರೆಕ್ಟ್‌ಗೆ ಹೋಗಲಿ. ಇಲ್ಲದವರು ಕೇಳಲು ಒಬ್ಬರನ್ನು ಇಟ್ಟುಕೊಳ್ಳಲಿ.

ಚಿಕ್ಕಮಗಳೂರು ಟೀಚರ್ ಬರೆದದ್ದು:

ಸರ್, ನಿಮ್ಮ ತಂದೆಯವರು ಈಗ ಹೇಗಿದ್ದಾರೆ? ಅದನ್ನು ಓದಿ ಮನಸ್ಸು ಭಾರ ಆಯಿತು.

ನಾನು ಸರ್ಕಾರಿ ಹೈಸ್ಕೂಲ್ ಶಿಕ್ಷಕಿ, 2008ರಲ್ಲಿ ಸೇರಿದವಳು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದ ನಮಗೆಲ್ಲ ಹಳೆ ಪಿಂಚಣಿ ಇಲ್ಲ, ಎನ್‌ಪಿಎಸ್. ಹಾಗಾಗಿ ಅದನ್ನು ಒಳಗಿಂದ ನೋಡಿದ್ದೇನೆ. ಅದು ನಿಮ್ಮಂಥವರಿಗೂ 2009ರ ಮೇ ತಿಂಗಳಿಂದ ತೆರೆದಿದೆ. ನಿಮಗೆ ಅನುಕೂಲ ಏನೆಂದರೆ ಅಲ್ಲಿ ತಿಂಗಳ ಕಂತು ಅಂತ ಕಡ್ಡಾಯ ಇಲ್ಲ. ವರ್ಷಕ್ಕೆ ಕನಿಷ್ಠ 1,000 ಹಾಕಿದರೆ ಖಾತೆ ಚಾಲ್ತಿಯಲ್ಲಿರುತ್ತದೆ. ಕಾಫಿ ಮಾರಿದ ವಾರ ಒಂದೇ ಸಲ ಹಾಕಬಹುದು. ಬೆಲೆ ಬಿದ್ದ ವರ್ಷ ಕಡಿಮೆ ಹಾಕಬಹುದು, ಯಾರೂ ಕೇಳುವುದಿಲ್ಲ.

ಬೀಗ ಮಾತ್ರ ಗಟ್ಟಿ. ಮೂರು ವರ್ಷದ ಮೇಲೆ ಮಕ್ಕಳ ಓದು, ಕಾಯಿಲೆ, ಮನೆ ಅಂತ ಕೆಲವು ಕಾರಣಕ್ಕೆ ನೀವು ಹಾಕಿದ್ದರಲ್ಲಿ ಶೇ 25ರವರೆಗೆ ತೆಗೆಯಬಹುದು, ಅಷ್ಟೆ. 60ಕ್ಕೆ ಒಂದು ಭಾಗ ಕೈಗೆ ಬರುತ್ತದೆ, ಇನ್ನೊಂದು ಭಾಗದಲ್ಲಿ ಜೀವನಪೂರ್ತಿ ಬರುವ ಪಿಂಚಣಿ ಕೊಳ್ಳಬೇಕು. ಮೊದಲು ಕನಿಷ್ಠ ಶೇ 40 ಪಿಂಚಣಿಗೆ ಇಡಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಸರ್ಕಾರಿ ನೌಕರರಲ್ಲದವರಿಗೆ ಅದನ್ನು ಶೇ 20ಕ್ಕೆ ಇಳಿಸಿದರು. ನಮಗೆ 40 ಹಾಗೇ ಉಳಿದಿದೆ. ಇದರಲ್ಲೂ ಷೇರಿನ ಪಾಲು ಇರುತ್ತದೆ, ಗ್ಯಾರಂಟಿ ಏನಿಲ್ಲ. ಆಟೋ ಚಾಯ್ಸ್ ಅಂತ ಆರಿಸಿಕೊಂಡರೆ ವಯಸ್ಸು ಹೋದ ಹಾಗೆ ಷೇರಿನ ಪಾಲನ್ನು ಅದೇ ಇಳಿಸುತ್ತಾ ಬರುತ್ತದೆ.

ನಿಮ್ಮ ಪೋಸ್ಟ್ ಓದುವಾಗ ನನಗೆ ಸಿಟ್ಟು ಬಂದದ್ದು ಆ ಇಎಲ್‌ಎಸ್‌ಎಸ್ ವಿಷಯಕ್ಕೆ. ನೀವು ಒಣಗಿಸಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಹಾಗೇ ಮಾರುವವರು. ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ತೆರಿಗೆಯೇ ಇಲ್ಲದವರಿಗೆ ತೆರಿಗೆ ಉಳಿಸುವ ಫಂಡು ಯಾಕೆ? ಲಾಭ ಸೊನ್ನೆ, ಬೀಗ ಮಾತ್ರ ಮೂರು ವರ್ಷ. ಮಳೆಗಾಲದಲ್ಲಿ ಆ 55,000 ಕೈಗೆ ಸಿಗುವ ಹಾಗಿದ್ದರೆ ನಿಮ್ಮ ಹೆಂಡತಿಯ ಸರದ ಮೇಲೆ ಅಷ್ಟು ದೊಡ್ಡ ಸಾಲ ಬೇಕಾಗುತ್ತಿರಲಿಲ್ಲ, ಅಲ್ವಾ? ಮಾರಿಸುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು, ನೀವು ತೆರಿಗೆ ಕಟ್ಟುತ್ತೀರಾ ಅಂತ. ಆ ಹುಡುಗ ಕೇಳಲೇ ಇಲ್ಲ.

ಹಾಗಂತ ಫಂಡಿನ ಲಾಭ ಕೃಷಿ ಆದಾಯ ಅಲ್ಲ, ಅದು ನೆನಪಿರಲಿ. ಷೇರು ಫಂಡನ್ನು ಒಂದು ವರ್ಷದ ಮೇಲೆ ಮಾರಿದರೆ ವರ್ಷಕ್ಕೆ 1.25 ಲಕ್ಷ ಲಾಭದವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ 12.5. ಲಿಕ್ವಿಡ್ ಫಂಡಿನ ಲಾಭ ನಿಮ್ಮ ಬೇರೆ ಆದಾಯದ ಜೊತೆ ಸೇರುತ್ತದೆ.

ಈಗ ಅರ್ಜೆಂಟ್ ವಿಷಯ. ಪಿಪಿಎಫ್ (ಸರ್ಕಾರದ 15 ವರ್ಷದ ಉಳಿತಾಯ ಯೋಜನೆ) ಖಾತೆ ಇಲ್ಲದಿದ್ದರೆ ಈ ಮಾರ್ಚ್ 31ರೊಳಗೆ 500 ರೂಪಾಯಿ ಹಾಕಿ ತೆರೆದುಬಿಡಿ. ಪಿಪಿಎಫ್‌ನ 15 ವರ್ಷ ಎಣಿಸುವುದು ಖಾತೆ ತೆರೆದ ಆರ್ಥಿಕ ವರ್ಷ ಮುಗಿದ ಮೇಲಿಂದ. ಮಾರ್ಚ್‌ನಲ್ಲಿ ತೆರೆದರೆ 2041ರ ಏಪ್ರಿಲ್‌ಗೆ ಸಿಗುತ್ತದೆ. ಒಂದು ವಾರ ತಡ ಮಾಡಿ ಏಪ್ರಿಲ್‌ನಲ್ಲಿ ತೆರೆದರೆ 2042. ದೊಡ್ಡ ಮೊತ್ತವನ್ನು ಏಪ್ರಿಲ್ 5ರೊಳಗೆ ಹಾಕಿ. ಬಡ್ಡಿ ಲೆಕ್ಕ ಹಾಕುವುದು 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕಡಿಮೆ ಬ್ಯಾಲೆನ್ಸ್ ಮೇಲೆ. 5ರೊಳಗೆ ಹಾಕಿದರೆ 12 ತಿಂಗಳ ಬಡ್ಡಿಯೂ ನಿಮ್ಮದು. ನಿಮ್ಮ ಕಾಫಿ ದುಡ್ಡು ಬರುವುದೂ ಸರಿಯಾಗಿ ಆಗಲೇ. 2020ರ ಏಪ್ರಿಲ್‌ನಲ್ಲಿ ಶೇ 7.1 ಆದ ಬಡ್ಡಿ ಅಲ್ಲೇ ನಿಂತಿದೆ, ಆದರೆ ಬಂದದ್ದಕ್ಕೆ ತೆರಿಗೆ ಇಲ್ಲ.

ನಿಮ್ಮ ಹೆಂಡತಿಗೆ 38 ಅಂದಿರಿ. ಅಟಲ್ ಪಿಂಚಣಿ 40ರೊಳಗಿನವರಿಗೆ, ಆದಾಯ ತೆರಿಗೆ ಕಟ್ಟದವರಿಗೆ ಮಾತ್ರ. ನಿಮಗೆ ವಯಸ್ಸು ಮೀರಿದೆ, ಅವರಿಗೆ ಇನ್ನೂ ಬಾಗಿಲು ತೆರೆದಿದೆ. 60ರ ಮೇಲೆ ತಿಂಗಳಿಗೆ 5,000ದವರೆಗೆ ಖಚಿತ ಪಿಂಚಣಿ. ಅವರ ನಂತರ ನಿಮಗೆ ಅಷ್ಟೇ ಬರುತ್ತದೆ. ಇಬ್ಬರ ನಂತರ 5,000ದ ಪಿಂಚಣಿಗೆ 8.5 ಲಕ್ಷ ಮಗಳಿಗೆ. ಕಂತನ್ನು ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು.

ಗೋಣಿಬೀಡು ತೋಟ ಬರೆದದ್ದು:

ಟೀಚರ್, ಅಪ್ಪ ಪರವಾಗಿಲ್ಲ. ಕಣದ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಚೆರಿ ಒಣಗಿದೆಯಾ ಅಂತ ಕೈಯಲ್ಲಿ ಅಲ್ಲಾಡಿಸಿ ಸದ್ದು ಕೇಳುತ್ತಾರೆ. ಅಷ್ಟರಲ್ಲೇ ಅವರಿಗೆ ಸಮಾಧಾನ. ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಇಎಲ್‌ಎಸ್‌ಎಸ್ ವಿಷಯ ನೀವು ಹೇಳಿದ ಮೇಲೇ ಅರ್ಥ ಆಯಿತು. ಮೂರು ವರ್ಷ ಇದು ಗೊತ್ತೇ ಇರಲಿಲ್ಲ. ಪಿಪಿಎಫ್‌ಗೆ ನಾಳೆಯೇ ಮೂಡಿಗೆರೆಗೆ ಹೋಗುತ್ತೇನೆ.

ಒಂದು ಅನುಮಾನ ಉಳಿದಿದೆ. 1,66,000 ಪೂರ್ತಿ ಷೇರು ಫಂಡಿಗೇ ಹಾಕಿದರೆ ಜಾಸ್ತಿ ಬೆಳೆಯಲ್ವಾ? ಇನ್ನೂ 17 ವರ್ಷ ಇದೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ.

ಹಾನುಬಾಳು ಹಿರಿಯ ಬರೆದದ್ದು:

ತಮ್ಮಾ, ನನಗೆ 74. ಸಕಲೇಶಪುರ ತಾಲ್ಲೂಕು, ಏಳು ಎಕರೆ. ನಿನ್ನ ಪ್ರಶ್ನೆ ನೋಡಿ ಬರೆಯಲೇಬೇಕು ಅನ್ನಿಸಿತು.

ನಿನಗೆ ಪೂಲ್ ಕಾಲ ನೆನಪಿರಲಿಕ್ಕಿಲ್ಲ. ಆಗ ನಾವು ಬೆಳೆದದ್ದನ್ನು ಹೊರಗೆ ಮಾರುವ ಹಾಗಿರಲಿಲ್ಲ. ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕು. ತೂಕ ಹಾಕಿ ರಸೀದಿ ಕೊಡುವರು. ಮೊದಲು ಒಂದಿಷ್ಟು ದುಡ್ಡು, ಆಮೇಲೆ ಬೋರ್ಡು ಮಾರಿದ ಹಾಗೆ ಕಂತು ಕಂತಾಗಿ. ಕೊನೆ ಕಂತು ಬರುವ ಹೊತ್ತಿಗೆ ಮುಂದಿನ ಕೊಯ್ಲೇ ಮುಗಿದಿರುತ್ತಿತ್ತು. ಎಲ್ಲರೂ ಬಯ್ಯುತ್ತಿದ್ದೆವು. ನಮ್ಮ ದುಡ್ಡು ನಮಗೆ ಕೊಡಲು ಇವರಿಗೇನು ಅಂತ. ಬಯ್ಯಲು ಕಾರಣವೂ ಇತ್ತು. ಆದರೆ ಮನೆ ಮಾತ್ರ ನಡೆಯುತ್ತಿತ್ತು. ಮಳೆಗಾಲದಲ್ಲಿ ಒಂದು ಕಂತು ಬಂದೇ ಬರುತ್ತಿತ್ತು.

1996ಕ್ಕೆ ಪೂಲ್ ಪೂರ್ತಿ ಹೋಯಿತು. ಯಾರಿಗೆ ಬೇಕಾದರೂ ಮಾರಿ ಅಂದರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ್ದ ಕಾಲ. ಒಂದೇ ದಿನ ಅಷ್ಟು ದುಡ್ಡು ನಾನು ಜೀವನದಲ್ಲಿ ನೋಡಿರಲಿಲ್ಲ. ಜೀಪು ತಗೊಂಡೆ. ಮನೆಗೆ ಮಹಡಿ ಕಟ್ಟಿಸಿದೆ. ಬೆಲೆ ಇನ್ನು ಇಳಿಯುವುದಿಲ್ಲ ಅಂತಲೇ ಎಲ್ಲರ ನಂಬಿಕೆ. 2001, 2002ಕ್ಕೆ ಕೊಯ್ದ ಕೂಲಿಯೂ ಹುಟ್ಟಲಿಲ್ಲ. ಹಣ್ಣು ಗಿಡದಲ್ಲೇ ಬಿಟ್ಟವರಿದ್ದರು. ನಾನು ಒಂದೂವರೆ ಎಕರೆ ಮಾರಿದೆ. ಕೆರೆಯ ಪಕ್ಕದ ಜಾಗ ಅದು, ನಮ್ಮಪ್ಪ ಕೈಯಾರೆ ಗಿಡ ನೆಟ್ಟದ್ದು. ಈಗಲೂ ಆ ದಾರಿಯಲ್ಲಿ ಹೋಗುವಾಗ ಆ ಕಡೆ ತಿರುಗಿ ನೋಡುವುದಿಲ್ಲ.

ಅದಕ್ಕೇ ಹೇಳುತ್ತೇನೆ. ನಿನ್ನ ತೋಟವೇ ಏರುವ ಇಳಿಯುವ ಆಸ್ತಿ. ಮಳೆ ತಪ್ಪಿದರೆ ಇಳಿಯಿತು, ಹೊರದೇಶದಲ್ಲಿ ಬೆಳೆ ಜಾಸ್ತಿ ಆದರೆ ಇಳಿಯಿತು. ಸಂಬಳದವರಿಗೆ ಸಂಬಳ ಗಟ್ಟಿ, ಅವರು ಷೇರಿಗೆ ಜಾಸ್ತಿ ಹಾಕಲಿ. ನಿನಗೆ ಸಂಬಳವೇ ಕುಣಿಯುತ್ತದೆ. ಉಳಿತಾಯವೂ ಪೂರ್ತಿ ಕುಣಿದರೆ ಎರಡೂ ಒಂದೇ ವರ್ಷ ಬಿದ್ದಾಗ ಏನು ಮಾಡುತ್ತೀಯ? ಷೇರು ಫಂಡು ಬೇಡ ಅನ್ನುವುದಿಲ್ಲ. ಅರ್ಧಕ್ಕಿಂತ ಕಡಿಮೆ ಇರಲಿ.

ನಾನು ಲಿಕ್ವಿಡ್ ಎಲ್ಲ ಮಾಡಿದವನಲ್ಲ. 2003ರಿಂದ ನನ್ನದೇ ಪೂಲ್ ಮಾಡಿಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಹೋಗಿ ಎಂಟು ಎಫ್‌ಡಿ ಮಾಡಿಸುತ್ತೇನೆ. ಒಂದು ಜೂನ್‌ಗೆ ಮುಗಿಯುವುದು, ಒಂದು ಜುಲೈಗೆ, ಹೀಗೆ ಜನವರಿವರೆಗೆ. ಪ್ರತಿ ರಸೀದಿ ಮೇಲೆ ಪೆನ್ನಲ್ಲಿ ಬರೆದಿಡುತ್ತೇನೆ, ಇದು ಗೊಬ್ಬರ, ಇದು ಕಪಾತು, ಇದು ಮನೆ. ಅವಧಿಗೆ ಮೊದಲು ಮುರಿಸಿದರೆ ಬಡ್ಡಿ ಸ್ವಲ್ಪ ಕಡಿಮೆ ಆಗುತ್ತದೆ. ಆದರೆ ಮುರಿಸಲು ಸಕಲೇಶಪುರಕ್ಕೆ ಬಸ್ಸಲ್ಲಿ ಹೋಗಬೇಕಲ್ಲ, ಅಷ್ಟರಲ್ಲಿ ಅರ್ಧ ಸಲ ಮನಸ್ಸು ಬದಲಾಗುತ್ತದೆ. ಚಿನ್ನ ಅಡ ಇಡುವುದು ಅವತ್ತೇ ನಿಂತಿತು.

60 ದಾಟಿದ ಮೇಲೆ ಪೋಸ್ಟ್ ಆಫೀಸಿನಲ್ಲಿ ಹಿರಿಯ ನಾಗರಿಕರ ಯೋಜನೆಗೆ ಹತ್ತು ಲಕ್ಷ ಹಾಕಿದೆ. ಒಬ್ಬರು 30 ಲಕ್ಷದವರೆಗೆ ಹಾಕಬಹುದು. ಐದು ವರ್ಷದ್ದು, ಮುಗಿದಾಗ ಮತ್ತೆ ಹಾಕಿದೆ. ಈಗ ನನ್ನದು ಶೇ 8.2ರಲ್ಲಿದೆ. ಮೂರು ತಿಂಗಳಿಗೆ 20,500 ಬರುತ್ತದೆ. ಜುಲೈ 1ಕ್ಕೆ ಒಂದು, ಅಕ್ಟೋಬರ್ 1ಕ್ಕೆ ಒಂದು. ಸರಿಯಾಗಿ ಮಳೆಗಾಲದ ಎರಡು ತುದಿಗೆ. ತೋಟ ಮಗ ನೋಡುತ್ತಾನೆ. ಅವನ ಹತ್ತಿರ ಔಷಧಿಗೆ ಅಂತ ನಾನು ಕೈ ಚಾಚಿಲ್ಲ. ನಿನ್ನ ಫಂಡು, ಪಿಪಿಎಫ್ ಎಲ್ಲ 60ಕ್ಕೆ ಬಂದು ಇಂಥ ಕಡೆ ಕೂರಬೇಕು. ಅಲ್ಲಿಗೆ ಕೊಂಡೊಯ್ಯುವ ದಾರಿ ಅಂತ ಅವನ್ನೆಲ್ಲ ನೋಡು.

ನಾಮಿನಿ ಹೆಸರು ಎಲ್ಲ ಕಡೆ ಬರೆಸು. ಇದನ್ನು ಮರೆಯಬೇಡ.

ಗೋಣಿಬೀಡು ತೋಟ ಬರೆದದ್ದು, ಏಪ್ರಿಲ್ 11:

ಹಿರಿಯರೇ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಪೂಲ್ ಅಂದ ಕೂಡಲೇ ಅವರ ಮುಖ ಅರಳಿತು. ನಿಮ್ಮ ಕೆರೆ ಪಕ್ಕದ ಜಾಗದ ಮಾತು ಬಂದಾಗ ಸುಮ್ಮನಾದರು. ನಾವೂ 2002ರಲ್ಲಿ ಮುಕ್ಕಾಲು ಎಕರೆ ಮಾರಿದ್ದೆವಂತೆ. ನನಗೆ ಇದುವರೆಗೆ ಹೇಳಿರಲಿಲ್ಲ.

ಮಾಡಿದ್ದು ಹೀಗೆ. ಮೂಡಿಗೆರೆ ಪೋಸ್ಟ್ ಆಫೀಸಿನಲ್ಲಿ ಮಾರ್ಚ್ 25ಕ್ಕೆ 500 ಹಾಕಿ ಪಿಪಿಎಫ್ ತೆರೆದೆ. ಕೌಂಟರಿನಲ್ಲಿದ್ದವರು ಮೂರು ದಿನ ಬಿಟ್ಟು ಬನ್ನಿ ಅನ್ನುತ್ತಾರೇನೋ ಅಂದುಕೊಂಡಿದ್ದೆ, ಒಂದು ಗಂಟೆಯಲ್ಲಿ ಪಾಸ್‌ಬುಕ್ ಕೊಟ್ಟರು. ಏಪ್ರಿಲ್ 2ಕ್ಕೆ 49,500 ಹಾಕಿದೆ. ಎನ್‌ಪಿಎಸ್‌ಗೆ 30,000, ಆಟೋ ಚಾಯ್ಸ್. ಷೇರಿನ ಪಾಲಿಗೆ 60,000. ಅದು ಲಿಕ್ವಿಡ್‌ನಲ್ಲಿ ಕೂತಿದೆ, ಮೇ 10ರಿಂದ ತಿಂಗಳಿಗೆ 5,000 ನಿಫ್ಟಿಯ ಕಂಪನಿಗಳ ಷೇರನ್ನೇ ಕೊಳ್ಳುವ ಇಂಡೆಕ್ಸ್ ಫಂಡಿಗೆ ಹೋಗುತ್ತದೆ. ಉಳಿದ 26,000 ಅಪ್ಪನ ಆಸ್ಪತ್ರೆಗೆ ಅಂತ ಎಸ್‌ಬಿಯಲ್ಲೇ ಬಿಟ್ಟಿದ್ದೇನೆ. ಹಿರಿಯರು ಹೇಳಿದ ಹಾಗೆ ಷೇರಿನದು ಅರ್ಧಕ್ಕಿಂತ ಕಡಿಮೆ.

ಡೈರೆಕ್ಟೇ ತಗೊಂಡೆ. ಮಗಳು ಹಬ್ಬಕ್ಕೆ ಬಂದಾಗ ಫೋನಿನಲ್ಲಿ ಕೆವೈಸಿ ಎಲ್ಲ ಮಾಡಿಕೊಟ್ಟಳು. ಸಂತೆಪೇಟೆಯವರೇ, ಬೇಸರ ಮಾಡಿಕೊಳ್ಳಬೇಡಿ. ಬಿದ್ದಾಗ ಮಾರಬಾರದು ಅನ್ನುವ ನಿಮ್ಮ ಮಾತನ್ನು ಮಗಳು ಕ್ಯಾಲೆಂಡರ್ ಹಿಂದೆ ಬರೆದು ಅಂಟಿಸಿದ್ದಾಳೆ.

ಮನೆ ಖರ್ಚು ಎರಡು ತಿಂಗಳಿದ್ದು ಎಸ್‌ಬಿಯಲ್ಲಿ, ಹತ್ತು ತಿಂಗಳಿದ್ದು 2,20,000 ಲಿಕ್ವಿಡ್‌ನಲ್ಲಿ. ಷೇರಿಗೆ ಹೋಗುವ ದುಡ್ಡಿನ ಜೊತೆ ಇದು ಕಲೆಯಬಾರದು ಅಂತ ಬೇರೆ ಫೋಲಿಯೊ (ಫಂಡಿನ ಖಾತೆ) ಮಾಡಿಸಿದ್ದೇನೆ. ತೋಟದ ದುಡ್ಡಿನಲ್ಲಿ 60,000 ಗೊಬ್ಬರಕ್ಕೆ ಕೈಯಲ್ಲಿದೆ, ಉಳಿದ ಒಂದು ಲಕ್ಷ ಎರಡು ಎಫ್‌ಡಿ. ಆಗಸ್ಟ್‌ಗೆ 50,000, ಅಕ್ಟೋಬರ್‌ಗೆ 50,000. ರಸೀದಿ ಮೇಲೆ ಪೆನ್ನಲ್ಲಿ ಬರೆದಿದ್ದೇನೆ. ಮಗಳ ಫೀಸು ಬೇರೆ ಎತ್ತಿಟ್ಟಿದೆ. ಎಲ್ಲದಕ್ಕೂ ನಾಮಿನಿ ಹೆಂಡತಿ. ಅವಳ ಅಟಲ್ ಪಿಂಚಣಿ ಫಾರಂ ತುಂಬಿ ಆಗಿದೆ, ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗುತ್ತೇವೆ. ಆರು ತಿಂಗಳ ಕಂತು ಅಂತಲೇ ಗುರುತು ಹಾಕಿದ್ದೇವೆ. ಅವಳ ಕಂತು ಆಸ್ಪತ್ರೆ ದುಡ್ಡಿನಿಂದ ಹೋಗಬಾರದು ಅಂತ ಅವಳದೇ ಹಟ. ಕೋಳಿ ಮೊಟ್ಟೆ ಮಾರಿದ್ದರಲ್ಲಿ ಕಟ್ಟುತ್ತಾಳಂತೆ.

ಹಳೆ ಇಎಲ್‌ಎಸ್‌ಎಸ್ ಮುಟ್ಟಿಲ್ಲ. 2027ರ ಜುಲೈಗೆ ಎಲ್ಲ ಬಿಡುಗಡೆ ಆದ ಮೇಲೆ ನೋಡುತ್ತೇನೆ.

ಜೂನ್ 5ಕ್ಕೆ ಮೊದಲ 22,000 ಬರಬೇಕು. ಬಂದ ದಿನ ಇಲ್ಲೇ ಬರೆಯುತ್ತೇನೆ.